ಒಡಲಪಟ್ಟಿಯ ಸೊನ್ನೆ

ಹದಿನೈದು ಜನರ ಸೊಂಟಕ್ಕೆ ಪಟ್ಟಿ ಬಿಗಿದಾಗಿತ್ತು. ನಾಲ್ಕು ಬೆರಳಗಲದ ಬೂದು ಬಣ್ಣದ ಪಟ್ಟಿ; ನೋಡಿದರೆ ಬೆನ್ನುನೋವಿನವರು ಕಟ್ಟಿಕೊಳ್ಳುವಂಥದ್ದು. ಡಾಕ್ಟರ್ ಅಕ್ಷತಾ ಮುತ್ನಾಳ ಗುಂಡಿ ಒತ್ತಿದಳು. ಹತ್ತು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ತುಪ್ಪದ ವ್ಯಾಪಾರಿ ಮಹಾವೀರ ಉಪಾಧ್ಯೆಯವರ ಕೈ ತಾನಾಗಿ ಕುರ್ಚಿಯ ಹಿಡಿಯನ್ನು ಹುಡುಕಿತು. ಪಕ್ಕದಲ್ಲಿದ್ದ ಬಸ್ ಚಾಲಕಿ ಶಿರೀನ್ ಮುಲ್ಲಾ ಬಾಯಿ ತೆರೆದು ಉಸಿರು ಎಳೆದುಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ಮುಲುಗಿದರು. ಬೆಳಗಾವಿಯ ಆ ಸಭಾಂಗಣದಲ್ಲಿ ಫ್ಯಾನು ತಿರುಗುತ್ತಿತ್ತು, ಮೇಜಿನ ಮೇಲೆ ಚಹಾ ಆರುತ್ತಿತ್ತು. ಆದರೆ ಹದಿನೈದು ಹೊಟ್ಟೆಗಳು ಸಮುದ್ರದಾಚೆ, ಕೆಲಾವಿ ದ್ವೀಪದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಮಾರೂನ್ ಪಟ್ಟಣದ ನೆಲಮಾಳಿಗೆಯೊಂದರಲ್ಲಿದ್ದವು. ಅಲ್ಲಿ ಬಾಂಬಿನ ಸಪ್ಪಳದ ಕೆಳಗೆ ಮಗುವನ್ನು ಅವಚಿಕೊಂಡು ಕೂತಿದ್ದ ಹೆಂಗಸೊಬ್ಬಳ ಒಡಲನ್ನು ಪರಿಹಾರ ಸಂಸ್ಥೆಯವರು ನಾಲ್ಕು ದಿನದ ಹಿಂದೆ ಮುದ್ರಿಸಿ ಕಳಿಸಿದ್ದರು.

ಅದು ೨೦೫೮ನೆಯ ಇಸವಿ. ಒಡಲಪಟ್ಟಿ ಚಿತ್ರ ತೋರಿಸುವುದಿಲ್ಲ, ಮಾತು ಕೇಳಿಸುವುದಿಲ್ಲ. ಮೆದುಳಿನಿಂದ ಎದೆಯ ಮೂಲಕ ಕರುಳಿನವರೆಗೆ ಇಳಿಯುವ ವೇಗಸ್ ಎಂಬ ನರವೊಂದಿದೆ. ಅಂಜಿದಾಗ ಎದೆ ಬಡಿದುಕೊಳ್ಳುವುದು, ಉಸಿರು ಗಿಡ್ಡವಾಗುವುದು, ಹೊಟ್ಟೆ ಕಿವುಚಿದಂತಾಗುವುದು, ಇವುಗಳ ಸಂಕೇತ ಹೆಚ್ಚಾಗಿ ಓಡಾಡುವುದು ಆ ಹಾದಿಯಲ್ಲೇ. ಒಬ್ಬರ ಸಂಕೇತವನ್ನು ಹಿಡಿದು ಇನ್ನೊಬ್ಬರ ನರಕ್ಕೆ ಮಿದುವಾಗಿ ಮುಟ್ಟಿಸುವುದು ಪಟ್ಟಿಯ ಕೆಲಸ. ಅಕ್ಷತಾ ಅದನ್ನು ಇಪ್ಪತ್ತು ವರ್ಷದ ಹಿಂದೆ ಧಾರವಾಡದಲ್ಲಿ ಹೆರಿಗೆಗಾಗಿ ಮಾಡಿದ್ದಳು. ದೂರದ ಊರಿನ ಬಸುರಿಗೆ ನೋವು ಎಷ್ಟು ಏರಿದೆಯೆಂದು ದೊಡ್ಡ ಆಸ್ಪತ್ರೆಯ ನರ್ಸು ತನ್ನ ಮೈಯಲ್ಲೇ ಅರಿಯಲಿ ಎಂಬುದಷ್ಟೇ ಆಗಿನ ಆಸೆ. ಯುದ್ಧದ ಚರ್ಚೆಗೆ ಅದು ಬಂದದ್ದು ಬಹಳ ತಡವಾಗಿ. ಪರದೇಶದ ಕಾಳಗಕ್ಕೆ ಸೈನ್ಯ ಕಳಿಸುವ ಮುನ್ನ ಪ್ರತಿ ರಾಜ್ಯದಲ್ಲೂ ಚೀಟಿ ಎತ್ತಿ ಆರಿಸಿದ ಹದಿನೈದು ಪಂಚರು ವಾದ ಕೇಳಬೇಕು, ನೆರವು ಬೇಡುವವರು, ಸೈನಿಕರನ್ನು ಕಳಿಸುವ ಮನೆಯವರು, ಈ ಎರಡೂ ಕಡೆಯ ಒಡಲನ್ನು ಪಟ್ಟಿಯಲ್ಲಿ ಅರಿಯಬೇಕು, ಆಮೇಲೆ ಮತ ಹಾಕಬೇಕು ಎಂದು ಕಾನೂನಾಗಿ ಆರು ವರ್ಷವಾಗಿತ್ತು. ಅದು ಮೊದಲ ಸಲ ಬಳಕೆಗೆ ಬಂದದ್ದು ಈ ಬೆಳಿಗ್ಗೆ.

ನಾಲ್ಕು ನಿಮಿಷದ ಮೇಲೆ ಪಟ್ಟಿ ಸುಮ್ಮನಾಯಿತು.

“ಇದರ ಮ್ಯಾಲ ಕೇಳೂದ ಏನೈತ್ರಿ?” ಉಪಾಧ್ಯೆ ಹಣೆ ಒರೆಸಿಕೊಂಡರು. “ಮಗ್ಗಲ ಮನಿಗೆ ಬೆಂಕಿ ಬಿದ್ದಾಗ ಕೊಡ ತಗೊಂಡ ಓಡತೀವೋ, ಅವರ ಜಾತಕ ಕೇಳತೀವೋ? ಕಳಸಬೇಕ್ರಿ.”

“ಓಡ್ರಿ ಕಾಕಾ, ಬ್ಯಾಡ ಅಂದವರ್ಯಾರು?” ಎಂದಳು ಶಿರೀನ್. “ಬೆಂಕಿ ಆರಸಾಕ ಹ್ವಾದವ್ರು ಅವರ ಪಡಸಾಲ್ಯಾಗ ಹಾಸಿಗಿ ಹಾಸಕೊಂಡ ಎಷ್ಟ ವರ್ಷ ಕೂಡತಾರ, ಅದನ್ನ ಹೇಳ್ರಿ. ಮೂವತ್ತ ವರ್ಷ ಬಸ್ ಹೊಡದೇನಿ. ಘಾಟ್ ಇಳಿಯೂದ ಸಸಾರ. ಅದ ದಾರ್‍ಯಾಗ ರಿವರ್ಸ್ ತಗೋರಿ ನೋಡೂಣು.”

“ಆ ಕೂಸ ನಿನ್ನ ಬಸ್ಸಿನಾಗ ಇದ್ದಿದ್ರ?”

“ಅದಕ್ಕ ನನಗೂ ಹೊಟ್ಟಿ ಉರಿಯಾಕತ್ತೈತಿ. ಉರಿಯೂ ಹೊಟ್ಟೀಲೆ ಸ್ಟೇರಿಂಗ್ ಹಿಡೀಬಾರದು ಅಂತ ನಮಗ ಮೊದಲನೇ ದಿನಾನ ಕಲಸ್ತಾರ.”

ಒಂದಿಬ್ಬರು ನಕ್ಕರು. ಆದರೂ ಸಭೆಯ ಅಧ್ಯಕ್ಷರು ಸುಮ್ಮನೆ ಅಂದಾಜಿಗೆಂದು ಕೈ ಎತ್ತಿಸಿದಾಗ ಕಳಿಸಬೇಕು ಎನ್ನುವ ಕೈಗಳು ಹನ್ನೆರಡು. ಮೂಲೆಯ ಯಂತ್ರದ ಹಿಂದೆ ನಿಂತ ಅಕ್ಷತಾ ತನ್ನ ಕೈ ಎತ್ತಬೇಕಾಗಿ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡಳು. ಮಾರೂನಿನ ಮುದ್ರಣವನ್ನು ತಪಾಸಣೆಗಾಗಿ ಅವಳು ಹನ್ನೊಂದು ಸಲ ಮೈಮೇಲೆ ತೆಗೆದುಕೊಂಡಿದ್ದಳು. ನಾಲ್ಕು ದಿನದಿಂದ ಊಟ ರುಚಿಸಿರಲಿಲ್ಲ.

ಎರಡನೆಯ ಒಡಲು ಪಲ್ಲವಿ ತಳವಾರಳದು. ಬೈಲಹೊಂಗಲದ ಹತ್ತಿರದ ಹಳ್ಳಿಯವಳು, ಇಪ್ಪತ್ತೊಂಬತ್ತು ವರ್ಷ. ತೀರ್ಮಾನವಾದರೆ ಮೊದಲು ಹಡಗು ಹತ್ತುವ ಪಡೆಯಲ್ಲಿ ಅವಳ ಗಂಡ ಈರಣ್ಣನಿದ್ದ. ಪಡೆ ಎರಡು ತಿಂಗಳಿಂದ ಬಂದರಿನಲ್ಲಿ ಕಾಯುತ್ತಿತ್ತು. ಸೈನಿಕರ ಮನೆಯವರ ಪರವಾಗಿ ಅವಳನ್ನು ಕರೆಸಿದ್ದರು. ಅಕ್ಷತಾ ಅವಳ ಸೊಂಟಕ್ಕೆ ಪಟ್ಟಿ ಸುತ್ತುವಾಗ ಅವಳು ಕೇಳಿದ್ದು ಒಂದೇ ಮಾತು: “ಮೂರ ಗಂಟೇಕ ಅವರ ಫೋನ್ ಬರತೈತ್ರಿ ಅಕ್ಕಾರ. ಅಷ್ಟರಾಗ ಮುಗೀತೈತಿಲ್ರಿ?”

ಪಂಚರು ಮತ್ತೆ ಕುರ್ಚಿಯ ಹಿಡಿಗಳನ್ನು ಗಟ್ಟಿಯಾಗಿ ಹಿಡಿದು ಕೂತರು. ಒಂದು ನಿಮಿಷವಾಯಿತು. ಎರಡಾಯಿತು.

“ಕರೆಂಟ್ ಹೋತೇನ್ರಿ?” ಎಂದರು ಯಾರೋ.

ಹೋಗಿರಲಿಲ್ಲ. ತೆರೆಯ ಮೇಲೆ ಪಲ್ಲವಿಯ ಗೆರೆ ಸೊನ್ನೆಯ ಮೇಲೆ ನೇರವಾಗಿ ಮಲಗಿತ್ತು. ಸರ್ಕಾರದ ಪರವಾಗಿ ಬಂದಿದ್ದ ವಕೀಲರು ಎದ್ದು ನಿಂತರು. “ಪಂಚರು ದಯವಿಟ್ಟು ಗಮನಿಸಬೇಕು. ಇದು ಶೂರರ ಮನೆಯ ಹೆಣ್ಣುಮಗಳ ಎದೆ. ಅಲ್ಲಿ ಭಯದ ಸುಳಿವಿಲ್ಲ. ಕಳಿಸುವವರೇ ಇಷ್ಟು ಸಮಾಧಾನದಿಂದ ಇರುವಾಗ ನಾವು ಹಿಂಜರಿಯುವುದೇಕೆ?” ಚಪ್ಪಾಳೆಯೂ ಆಯಿತು.

ಪಲ್ಲವಿ ತೆರೆಯನ್ನು ನೋಡಿದಳು, ಚಪ್ಪಾಳೆ ತಟ್ಟುವವರನ್ನು ನೋಡಿದಳು, ಕೊನೆಗೆ ಅಕ್ಷತಾಳನ್ನು ನೋಡಿದಳು. “ನನಗ ಏನೂ ಅನಸೂದಿಲ್ಲ ಅಂತೈತೇನ್ರಿ ಇದು?”

ಅಕ್ಷತಾ ಪಟ್ಟಿ ಬದಲಿಸಿದಳು, ತಂತಿ ಬದಲಿಸಿದಳು. ಗೆರೆ ಏಳಲಿಲ್ಲ. ಅಧ್ಯಕ್ಷರು ಊಟಕ್ಕೆ ಬಿಟ್ಟರು.

ಪಲ್ಲವಿ ಊಟಕ್ಕೆ ಹೋಗದೆ ವರಾಂಡದ ಕಟ್ಟೆಯ ಮೇಲೆ ಕೂತಿದ್ದಳು. ಅಕ್ಷತಾ ಹೋಗಿ ಪಕ್ಕದಲ್ಲಿ ಕೂತಳು. ಏನು ಕೇಳಬೇಕೋ ತಿಳಿಯದೆ, “ಮನ್ಯಾಗ ಯಾರ್‍ಯಾರ ಇರತೀರಿ?” ಎಂದಳು.

“ನಾನು, ಅತ್ತಿ, ಮಗಳು. ದನಾ ಎರಡ ಅದಾವ. ಅವರ ಹ್ವಾದಮ್ಯಾಲೆ ಮುಂಚಿಬಾಗ್ಲಾ ಹಾಕೂದ ಬಿಟ್ಟೇನ್ರಿ.”

“ಯಾಕ?”

“ಹಾಕಿದ್ರ ಯಾರರ ಬಂದ ಬಡೀತಾರಲ್ರಿ.” ಪಲ್ಲವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಹಾಲಿನಾಕಿ ಬಡದ್ರೂ ಜೀವಾ ಬಾಯಿಗೆ ಬರತೈತಿ. ತೆರದಿದ್ರ ಸಪ್ಪಳಾ ಆಗೂದಿಲ್ಲ. ಬಂದವರ ಮಾರಿ ದೂರಿಂದ ಕಾಣತೈತಿ. ನಾಯಿ ಒಳಗ ಬರತೈತಿ ಅಂತ ಅತ್ತಿ ಬೈತಾರ. ಬರ್ಲಿ ಅಂತೇನಿ.”

ಅಕ್ಷತಾಳಿಗೆ ಕಟ್ಟೆಯ ಕಲ್ಲು ಒಮ್ಮೆಲೇ ತಣ್ಣಗಾದಂತೆ ಅನಿಸಿತು. ಧಾರವಾಡದ ಬಾಡಿಗೆ ಮನೆಯಲ್ಲಿ ಅವಳೂ ಒಂದು ವರ್ಷ ಬಾಗಿಲು ಹಾಕಿರಲಿಲ್ಲ. ಗಾಳಿ ಬರಲಿ ಎಂದು ಎಲ್ಲರಿಗೂ ಹೇಳಿದ್ದಳು, ತನಗೂ ಹೇಳಿಕೊಂಡಿದ್ದಳು. ಆಗ ಅವಳ ಗಂಡ ಗುರುಸಿದ್ದ ಸೈನ್ಯದಲ್ಲಿ ನೆಲಬಾಂಬು ತೆಗೆಯುವ ಪಡೆಯಲ್ಲಿದ್ದ. ಹದಿನಾಲ್ಕು ತಿಂಗಳು ಪರದೇಶದಲ್ಲಿ. ಹೊರಟ ದಿನ ಅತ್ತೆ ಅವಳನ್ನು ಅಡಿಗೆಮನೆಗೆ ಕರೆದು ಹೇಳಿದ್ದರು: “ಫೋನಿನ್ಯಾಗ ಅಳಬ್ಯಾಡವಾ. ಏನ ಕೇಳಿದ್ರೂ ಆರಾಮ ಅನ್ನು. ನಿನ್ನ ದನಿ ನಡಗಿದ್ರ ಅಲ್ಲೆ ಅವನ ಕೈ ನಡಗತೈತಿ.” ಆ ಕಡೆಯ ಮನೆಗಳಲ್ಲಿ ಅತ್ತೆ ಸೊಸೆಗೆ ಕೊಡುವ ಮಾತು ಅದು. ಅಕ್ಷತಾ ಹದಿನಾಲ್ಕು ತಿಂಗಳು ಅದನ್ನು ಎಷ್ಟು ಸಲ ಅಂದಿದ್ದಳೆಂದರೆ ಅದು ಬಾಯಿಂದ ಇಳಿದು ಮೈಗೆ ಒಗ್ಗಿಹೋಗಿತ್ತು.

ಅವಳು ಅಂಗಳದ ಬೇವಿನ ಮರದ ಕೆಳಗೆ ಹೋಗಿ ಗಂಡನಿಗೆ ಫೋನ್ ಮಾಡಿದಳು.

“ಮೊದಲನೇ ಪಟ್ಟಿ ಮಾಡಿದಾಗ ನೀ ಎಲ್ಲಿದ್ದಿ?”

“ಅಲ್ಲೇ. ಹೋಗಿ ಒಂಬತ್ತನೇ ತಿಂಗಳಿರಬೇಕು. ಯಾಕ?”

“ಆಗ ನಾ ಹೆಂಗಿದ್ದೆ?”

“ಆರಾಮ ಅಂತಿದ್ದೆಲ್ಲ ದಿನಾ.”

“ನೀ ನಂಬತಿದ್ದೇನು?”

“ನಾನೂ ಆರಾಮ ಅಂತಿದ್ದೆ. ನೀ ನಂಬತಿದ್ದೇನು?”

ಫೋನ್ ಇಟ್ಟ ಮೇಲೂ ಅವಳು ಮರದ ಕೆಳಗೇ ನಿಂತಿದ್ದಳು. ಪ್ರತಿ ಪಟ್ಟಿಗೂ ಒಂದು ಸೊನ್ನೆ ಬೇಕು. ನೆಮ್ಮದಿಯಾಗಿರುವ ಮೈಗೂ ಒಂದು ಬಡಿತ, ಒಂದು ಬಿಗಿತ ಇದ್ದೇ ಇರುತ್ತದೆ. ಅದನ್ನು ಕಳೆದು ಉಳಿದದ್ದನ್ನಷ್ಟೇ ಪಟ್ಟಿ ದಾಟಿಸುತ್ತದೆ. ಅಂದು ಪ್ರಯೋಗಾಲಯದಲ್ಲಿ ಪಟ್ಟಿ ಕಟ್ಟಿಕೊಂಡು ಮಲಗಿದ್ದವಳು ಅವಳೇ. “ಆರಾಮ ಇದ್ದೀರಲ್ಲ ಮೇಡಂ?” ಎಂದು ಸಹಾಯಕಿ ಕೇಳಿದ್ದಳು. “ಆರಾಮ,” ಎಂದಿದ್ದಳು ಅಕ್ಷತಾ. ಸಹಾಯಕಿ ಅಲ್ಲಿಗೆ ಸೊನ್ನೆ ಗುರುತು ಹಾಕಿದ್ದಳು. ಮುಂದೆ ನೂರಾರು ಜನರ ಮೇಲೆ ತಾಳೆ ನೋಡಬೇಕೆಂದಿತ್ತು, ನೋಡಲಿಲ್ಲ. ಪಟ್ಟಿ ಕೆಲಸ ಮಾಡಿತು, ಆಸ್ಪತ್ರೆಗಳು ಬೇಕೆಂದವು, ಹೊಸದನ್ನೆಲ್ಲ ಮೊದಲನೆಯದರ ಅಚ್ಚಿನಲ್ಲೇ ಮಾಡಿದರು. ಇಪ್ಪತ್ತು ವರ್ಷದಿಂದ ಕಾಯುವ ಹೆಂಗಸಿನ ಭಯವನ್ನು ಯಂತ್ರ ನೆಮ್ಮದಿಯೆಂದು ತಿಳಿದು ಕಳೆಯುತ್ತ ಬಂದಿತ್ತು.

ಹೇಳಿದರೆ? ಆರು ನೂರು ಹೆರಿಗೆ ಕೋಣೆಗಳಲ್ಲಿ ಎಷ್ಟು ನೋವನ್ನು ಕಡಿಮೆಯೆಂದು ಓದಿದ್ದೇವೋ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಅವಳ ಹೆಸರು ಹೋಗುತ್ತದೆ, ಹೋಗಲಿ. ವಿಚಾರಣೆ ಮುಂದೆ ಬೀಳಬಹುದು. ಹಾಗೆ ಬಿದ್ದ ಪ್ರತಿ ದಿನವೂ ಮಾರೂನಿನ ನೆಲಮಾಳಿಗೆಯ ಮೇಲೆ ಬೀಳುತ್ತದೆ. ಆ ಮಗುವಿನ ತೂಕ ಅವಳ ಹೊಟ್ಟೆಯಲ್ಲಿ ಇನ್ನೂ ಇತ್ತು. ಹೇಳದಿದ್ದರೆ ಪಲ್ಲವಿ ಶೂರರ ಮನೆಯ ಹೆಣ್ಣುಮಗಳಾಗಿ ಬಸ್ಸು ಹತ್ತುತ್ತಾಳೆ. ಅಕ್ಷತಾ ಮರವನ್ನು ಎರಡು ಸಲ ಸುತ್ತಿದಳು. ಮೂರನೆಯ ಸುತ್ತಿನ ನಡುವೆ ಸಭಾಂಗಣದ ಕಡೆ ತಿರುಗಿದಳು.

ಅವಳು ಹೇಳಿ ಮುಗಿಸಿದಾಗ ಎರಡು ಮುಕ್ಕಾಲಾಗಿತ್ತು. ವಕೀಲರು ಆಕ್ಷೇಪ ಎತ್ತಿದರು. ಪಂಚರಲ್ಲಿ ಹಲವರಿಗೆ ವಿಷಯ ತಲೆಗೆ ಹತ್ತಲಿಲ್ಲ. ಹತ್ತಿದ್ದು ಉಪಾಧ್ಯೆಯವರಿಗೆ.

“ನಾ ಹೇಳತೇನಿ ಇರ್ರಿ. ತುಪ್ಪಾ ತೂಗೂಮುಂದ ಮೊದಲ ಖಾಲಿ ಡಬ್ಬಿ ಇಟ್ಟ ಕಾಟಾ ಸೊನ್ನೆ ಮಾಡತೇವಿ. ಡಬ್ಬಿ ತಳದಾಗ ಅರ್ಧಾ ಕಿಲೋ ತುಪ್ಪ ಮೊದಲ ಇತ್ತಂದ್ರ? ಅದೂ ಡಬ್ಬೀ ತೂಕದಾಗ ಹೋತು. ಮುಂದ ಜನ್ಮಪೂರ್ತಿ ತೂಗ್ರಿ, ಆ ಅರ್ಧಾ ಕಿಲೋ ಸಿಗೂದಿಲ್ಲ.” ಅವರು ಅಕ್ಷತಾಳ ಕಡೆ ತಿರುಗಿದರು. “ಆದ್ರ ಬಾಯಾರ, ಆ ಮಾರೂನಿನ ಹೆಣಮಗಳ ಲೆಕ್ಕಕ್ಕೂ ಅರ್ಧಾ ಕಿಲೋ ಸೇರಬೇಕಲ್ರಿ? ಎರಡೂ ಕಡೆ ಕೂಡಿದ್ರ ಫರಕೇನ ಬಂತು?”

“ಆಕೀದು ಇತ್ತು, ಇನ್ನಷ್ಟ ಆತು,” ಎಂದಳು ಶಿರೀನ್. “ಈಕೀದು ಇಲ್ಲಂದಿದ್ರಿ, ಈಗ ಐತಿ ಅನ್ನೂದಾತು. ಫರಕಿಲ್ಲೇನ್ರಿ?”

ಅಧ್ಯಕ್ಷರು ಸೊನ್ನೆ ತೆಗೆದು ಇನ್ನೊಮ್ಮೆ ತೋರಿಸಲು ಒಪ್ಪಿದರು. ಪಂಚರೂ ಪಲ್ಲವಿಯೂ ಮತ್ತೆ ಪಟ್ಟಿ ಕಟ್ಟಿಕೊಂಡರು. ಏನನ್ನೂ ಕಳೆಯದೆ, ಬಂದದ್ದನ್ನು ಬಂದ ಹಾಗೇ ದಾಟಿಸುವಂತೆ ಅಕ್ಷತಾ ಯಂತ್ರವನ್ನು ಹೊಂದಿಸಿದ ಹೊತ್ತಿಗೆ ಪಲ್ಲವಿಯ ಫೋನ್ ರಿಂಗಾಯಿತು. ಮೂರು ಗಂಟೆ. ಪಲ್ಲವಿ ಅಧ್ಯಕ್ಷರ ಮುಖ ನೋಡಿದಳು. ಅವರು ಮಾತಾಡು ಎಂಬಂತೆ ತಲೆಯಾಡಿಸಿದರು.

“ಹಲೋ. ಹ್ಞಾಂ, ಊಟಾತ್ರಿ. ನಿಮ್ಮದು? ಸಾಲಿಗೆ ಹೋಗ್ಯಾಳ್ರಿ. ಕೆಂದಾಕಳ ಈಯಾಕ ಬಂದೈತಿ.” ಅವಳ ದನಿ ಸಂತೆಯಲ್ಲಿ ಕಾಯಿಪಲ್ಲೆ ಕೇಳುವವಳ ದನಿಯಷ್ಟು ಸಲೀಸಾಗಿತ್ತು. ಎದುರಿಗೆ ಉಪಾಧ್ಯೆಯವರ ಮುಖ ಬೆಳ್ಳಗಾಗುತ್ತಿತ್ತು. ಶಿರೀನ್ ಎರಡೂ ಕೈಯಿಂದ ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿದಳು. ಹಿಂದಿನ ಸಾಲಿನಲ್ಲಿ ಒಬ್ಬರು ಪಟ್ಟಿಯ ಕೊಂಡಿ ಕಿತ್ತರು. “ನನಗೇನಾಗೇದ್ರಿ?” ಪಲ್ಲವಿ ನಕ್ಕಳು. “ಎಲ್ಲಾ ಆರಾಮ. ನೀವು ಚಿಂತೀ ಮಾಡಬ್ಯಾಡ್ರಿ. ಆರಾಮ.”

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸಂಜೆಯ ಗುಪ್ತ ಮತದಲ್ಲಿ ಕಳಿಸಬೇಕೆಂದವರು ಎಂಟು, ಬೇಡವೆಂದವರು ಏಳು. ಬೇರೆ ರಾಜ್ಯಗಳದ್ದೂ ಹೆಚ್ಚುಕಡಿಮೆ ಹಾಗೇ ಬಂದು, ಆರು ತಿಂಗಳ ಗಡುವು ಹಾಕಿ ಸೈನ್ಯ ಹೋಯಿತು. ಮಾರೂನಿನ ಮುತ್ತಿಗೆ ಮುರಿಯಿತು. ನೆಲಮಾಳಿಗೆಯ ಆ ತಾಯಿ, ಮಗು ಉಳಿದರೆಂದು ಪರಿಹಾರ ಸಂಸ್ಥೆ ತಿಳಿಸಿದಾಗ ಅಕ್ಷತಾ ಕಚೇರಿಯಲ್ಲೇ ಅತ್ತಳು. ಆರು ತಿಂಗಳು ಹದಿನಾರಾಯಿತು. ಈರಣ್ಣ ಇನ್ನೂ ಅಲ್ಲೇ ಇದ್ದಾನೆ. ಪಲ್ಲವಿಯ ಬಾಗಿಲು ತೆರೆದೇ ಇದೆ. ಸರಿಯಾಯಿತೇ ಎಂದು ಕೇಳಿದವರಿಗೆ ಅಕ್ಷತಾ ಈ ಎರಡನ್ನೂ ಹೇಳುತ್ತಾಳೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದಿಲ್ಲ.

ಪಟ್ಟಿಗೆ ಹೊಸ ಸೊನ್ನೆ ಬೇಕಾಗಿತ್ತು. ನೆಮ್ಮದಿಯಾಗಿರುವವರು ಬರಬೇಕೆಂದು ಪತ್ರಿಕೆಯಲ್ಲಿ ಹಾಕಿಸಿದರು. ಎರಡು ಸಾವಿರ ಜನ ಬಂದರು. ಗಂಡಸರು, ಹೆಂಗಸರು, ಮಠದ ಸ್ವಾಮಿಗಳೊಬ್ಬರು. ಆರಾಮ ಇದ್ದೀರಾ ಎಂದರೆ ಎಲ್ಲರದೂ ಒಂದೇ ಉತ್ತರ. ಒಬ್ಬರ ಗೆರೆ ಇನ್ನೊಬ್ಬರದಕ್ಕೆ ಕೂಡಲಿಲ್ಲ. ಕೊನೆಗೆ ಅಕ್ಷತಾ ತನ್ನದೇ ದಿನಗಳಲ್ಲಿ ಹಿಂದಕ್ಕೆ ಹೋಗತೊಡಗಿದಳು. ನಿಜಕ್ಕೂ ನಿಶ್ಚಿಂತೆಯಾಗಿದ್ದುದು ಎಂದು? ಮದುವೆಗೆ ಮುಂಚೆ. ಅದಕ್ಕೂ ಮುಂಚೆ. ಪಿಯುಸಿ ಓದುವಾಗ, ತವರಿನಲ್ಲಿ.

ಅಲ್ಲಿಯ ಒಂದು ಸಂಜೆ ಸಿಕ್ಕಿತು. ಟಿವಿಯಲ್ಲಿ ಆರು ಚೌಕಗಳಲ್ಲಿ ಆರು ಗಂಡಸರು ಕೂಗಾಡುತ್ತಿದ್ದರು. ಎಲ್ಲೋ ದೂರದ ದೇಶದ ಕಾಳಗ. ನಮ್ಮ ಸೈನ್ಯ ನುಗ್ಗಬೇಕೋ ಬೇಡವೋ. “ನುಗ್ಗಬೇಕು,” ಎಂದು ಅಪ್ಪ ದಿಂಬಿಗೆ ಒರಗಿ ಹೇಳಿದರು. ಹತ್ತೊಂಬತ್ತರ ಅಣ್ಣ ಸೈನ್ಯಭರ್ತಿಯ ಅರ್ಜಿ ತುಂಬಿ, ಅಂಟಿಸಿದ ಫೋಟೋ ಒಣಗಲೆಂದು ಕಿಟಕಿಯಲ್ಲಿಟ್ಟಿದ್ದ. ಅಕ್ಷತಾ ಕಾಲು ಚಾಚಿ ಶೇಂಗಾ ತಿನ್ನುತ್ತಿದ್ದಳು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ. ಅಪ್ಪನ ಮಾತಿಗೆ ಅದು ಒಮ್ಮೆಲೇ ನಿಂತಿತು.

“ಯಾಕ ಬೇ ಯವ್ವಾ?”

“ಏನಿಲ್ಲವಾ. ಆರಾಮ.”

ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ತುಸು ಬಿರುಸಾಗಿ. ಟಿವಿಯ ಕೆಳಪಟ್ಟಿಯಲ್ಲಿ ವೀಕ್ಷಕರ ಮತ ಓಡುತ್ತಿತ್ತು: ನುಗ್ಗಬೇಕು, ಶೇಕಡ ಎಂಬತ್ತೆರಡು. ಅದರಲ್ಲಿ ಒಂದು ಮತ ತಾನು ಫೋನಿನಲ್ಲಿ ಒತ್ತಿದ್ದು ಎಂಬುದು ಅಕ್ಷತಾಳಿಗೆ ಈಗ, ಇಷ್ಟು ವರ್ಷದ ಮೇಲೆ, ನೆನಪಾಯಿತು.