ಒಂದು ಕಾಲು ಸಾಕು

"ಈ ಗಾಡಿ ನಿಮಗಲ್ಲ ಮೇಡಂ, ಇಳೀರಿ."

ಹೇಳಿದವನು ಕೈಗಂಟಿದ ಗ್ರೀಸನ್ನು ಹಳೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ. ಬಳಸಿದ ಬೈಕುಗಳನ್ನು ಸರಿಮಾಡಿ ಮಾರುವ ಆ ಗ್ಯಾರೇಜಿಗೆ ಅವನೇ ಮಾಲೀಕ, ಅವನೇ ಮೆಕ್ಯಾನಿಕ್.

ಅವಳು ಇಳಿಯಲಿಲ್ಲ. ಸೀಟು ಎತ್ತರದಲ್ಲಿತ್ತು. ಎರಡೂ ಕಾಲಿನ ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು.

"ಯಾಕೆ? ಹೆಂಗಸು ಅಂತಾನಾ?"

"ಅಲ್ಲ. ಕುಳ್ಳಗಿದ್ದೀರಿ ಅಂತ."

ಅವಳ ಕಿವಿ ಬಿಸಿಯಾಯಿತು. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ... ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಹಿಂದೆಯೇ ನಗುವೂ ಬಂದುಬಿಟ್ಟಿತು!

"ಆ ಮೂಲೇಲಿರೋದು ನೋಡಿ. ತಗ್ಗಿದೆ, ನಿಮಗೆ ಹೇಳಿ ಮಾಡಿಸಿದ ಹಾಗಿದೆ."

"ಅದರ ಹೊಟ್ಟೆ ಕಲ್ಲಿಗೆ ಬಡಿಯುತ್ತೆ. ಗುಡ್ಡದ ಹಳ್ಳಗಳಲ್ಲಿ ನೀರಿನ ಮಟ್ಟ ಅಳೆಯೋದು ನನ್ನ ಕೆಲಸ. ಅರ್ಧ ದಾರಿ ಡಾಂಬರು, ಅರ್ಧ ದಾರಿ ಬರೀ ಕಲ್ಲು. ಎರಡಕ್ಕೂ ಆಗೋ ಗಾಡಿ ಬೇಕು."

"ಹಾಗಾದ್ರೆ ಆ ದೊಡ್ಡದು ತಗೊಳ್ಳಿ. ಒಳ್ಳೇ ಶಕ್ತಿ ಇದೆ."

"ಬಿದ್ರೆ ಎತ್ತೋರು ಯಾರು? ಅಲ್ಲಿ ನಾನೊಬ್ಬಳೇ ಇರ್ತೀನಿ. ನನ್ನ ಕೈಲಿ ಎತ್ತೋಕಾಗದ ಗಾಡಿ ನನಗೆ ಬೇಡ."

ಅವನು ಆಗ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. ಅವಳನ್ನು ಇಳಿಸಿ, ಅವಳು ಕೂತಿದ್ದ ಆ ಹಗುರ ಬೈಕನ್ನೇ ಮೆಲ್ಲಗೆ ನೆಲಕ್ಕೆ ಮಲಗಿಸಿದ.

"ಎತ್ತಿ, ನೋಡೋಣ."

ಅವಳು ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಳು. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಸೀಟಿನ ಕೆಳಗಿನ ಕಂಬಿಗೆ. ತೋಳಿಗೆ ಕೆಲಸ ಕೊಡದೆ ಕಾಲಲ್ಲಿ ನೆಲ ಒತ್ತುತ್ತಾ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಟ್ಟಳು. ಗಾಡಿ ಎದ್ದು ನಿಂತಿತು!

"ಸರಿ, ನೀರಿನ ಮೇಡಂ," ಅವನು ನಕ್ಕ. "ಗಾಡಿ ನಿಮ್ಮದೇ. ಆದ್ರೆ ನಿಲ್ಲಿಸೋದು ಹೇಗೆ ಅಂತ ನಾನು ಹೇಳಿಕೊಡ್ತೀನಿ."

ಭಾನುವಾರಗಳಂದು, ಪಾಳುಬಿದ್ದ ಇಟ್ಟಿಗೆ ಗೂಡಿನ ಬಯಲಲ್ಲಿ ಪಾಠ ಶುರುವಾಯಿತು.

"ಎರಡೂ ಕಾಲು ಊರೋ ಆಸೆ ಬಿಡಿ. ನಿಲ್ಲೋ ಮೊದಲೇ ಸೊಂಟ ಎಡಕ್ಕೆ ಜಾರಿಸಿ. ಒಂದು ಕಾಲು ಸಾಕು... ಹಾಂ! ಹ್ಯಾಂಡಲ್ಲಿನ ಕತ್ತು ಹಿಸುಕಬೇಡಿ, ಪಾಪ ಅದೇನು ಮಾಡಿದೆ ನಿಮಗೆ?"

ಅವಳು ಕಲಿತಳು. ಕಲ್ಲು ಬಂದಾಗ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಗಾಡಿಯನ್ನು ಅದರ ಪಾಡಿಗೆ ಕುಣಿಯಲು ಬಿಡುವುದನ್ನೂ ಕಲಿತಳು. ಒಂದು ಭಾನುವಾರ ಮರಳಲ್ಲಿ ಜಾರಿ ಬಿದ್ದಳು. ಕಾಲು ಗಾಡಿಯಡಿ ಸಿಕ್ಕಿಕೊಂಡಿತು. ಅವನು ಓಡಿ ಬಂದ. ಪಾದ ಸ್ವಲ್ಪ ಉಳುಕಿತ್ತು, ಅಷ್ಟೇ. ಅವಳು ನಕ್ಕಳು.

ಅವನು ನಗಲಿಲ್ಲ.

"ಇವತ್ತೂ ಕ್ಲಾಸಾ?" ಮನೆಯಲ್ಲಿ ಅಕ್ಕ ಛೇಡಿಸುತ್ತಿದ್ದಳು. "ಇಷ್ಟು ಹೊತ್ತಿಗೆ ವಿಮಾನ ಕಲೀಬಹುದಿತ್ತು ಕಣೇ! ಏನಂತಾನೆ ನಿನ್ನ ಗ್ಯಾರೇಜಿನವನು?"

"ನನ್ನವನೇನೂ ಅಲ್ಲ."

"ಹಾಗಾದ್ರೆ ತೋಳಿನ ಮೇಲಿನ ಆ ಗ್ರೀಸ್ ಕಲೆ ಯಾಕೆ ಇನ್ನೂ ತೊಳೆದಿಲ್ಲ?"

ಅವಳು ತೋಳನ್ನು ಬೆನ್ನ ಹಿಂದೆ ಅಡಗಿಸಿದಳು.

ಮಳೆಗಾಲ ಹತ್ತಿರವಾಯಿತು. ಆಫೀಸಿನಲ್ಲಿ ಮೇಲಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು. ಎಲ್ಲ ಹಳ್ಳಗಳ ಅಳತೆಯೂ ಹೊತ್ತಿಗೆ ಸರಿಯಾಗಿ ಬರಬೇಕು. ತಪ್ಪಿದರೆ ಗುಡ್ಡದ ಕೆಲಸ ಬೇರೆಯವರಿಗೆ, ಅವಳಿಗೆ ಕಿಟಕಿಯಿಲ್ಲದ ಕೋಣೆಯ ಮೇಜು. ಆ ಮೇಜು ನೆನೆದರೇ ಅವಳಿಗೆ ಉಸಿರುಗಟ್ಟುತ್ತಿತ್ತು.

ಅಳತೆಯ ಹಿಂದಿನ ದಿನ ಸಂಜೆ, ಸರ್ವಿಸಿಗೆ ಬಿಟ್ಟಿದ್ದ ಗಾಡಿ ತರಲು ಹೋದಳು.

"ಕೂತು ನೋಡಿ," ಎಂದ ಅವನು. ಮುಖದಲ್ಲಿ ಬಚ್ಚಿಟ್ಟ ಸಂಭ್ರಮ.

ಕೂತಳು. ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದವು!

"ಏನು ಮಾಡಿದ್ರಿ ಇದಕ್ಕೆ?"

"ಮುಂದೆ, ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇಳಿಸಿದೆ. ಇನ್ನು ನೀವು ಬೀಳಲ್ಲ."

'ಒಂದು ಕಾಲು ಸಾಕು ಅಂದವನೇ ಇವನು... ಹಾಗಾದರೆ ಅದೆಲ್ಲ ಬರೀ ಸಮಾಧಾನದ ಮಾತಾ? ನನ್ನ ಕೈಲಾಗಲ್ಲ ಅಂತ ಮೊದಲಿಂದಲೂ ಇವನಿಗೆ ಅನ್ನಿಸಿತ್ತಾ?'

"ನಾನು ಕೇಳಿದ್ನಾ?"

ಅವನ ನಗು ಅಲ್ಲೇ ನಿಂತಿತು. ಮತ್ತೆ ಎತ್ತರ ಮಾಡಲು ಹೊತ್ತಿರಲಿಲ್ಲ. ಅವಳು ಗಾಡಿ ಸ್ಟಾರ್ಟ್ ಮಾಡಿ ಹೊರಟುಬಿಟ್ಟಳು.

ಮರುದಿನ ಗುಡ್ಡದ ದಾರಿಯಲ್ಲಿ ಗಾಡಿಯ ಹೊಟ್ಟೆ ಕಲ್ಲಿಗೆ ಬಡಿಯುತ್ತಲೇ ಬಂತು. ಕೊನೆಯದಕ್ಕೆ ಮುಂಚಿನ ಹಳ್ಳದ ದಡದಲ್ಲಿ ಎಂಜಿನ್ ಆಫ್ ಮಾಡದೆಯೇ ಸೈಡ್ ಸ್ಟ್ಯಾಂಡ್ ಹಾಕಿ, ನೀರಿನಲ್ಲಿ ನೆಟ್ಟ ಅಳತೆಪಟ್ಟಿಯ ಕಡೆ ತಿರುಗಿದ್ದಳಷ್ಟೇ...

ಧಡ್!

ಗಾಡಿ ಬಲಕ್ಕೆ ವಾಲಿ ನೀರಿಗೆ ಬಿದ್ದಿತ್ತು. ಎತ್ತಿದಳು. ಆದರೆ ಎಂಜಿನ್ನಿಗೆ ನೀರು ಹೋಗಿ ಸ್ಟಾರ್ಟ್ ಆಗಲಿಲ್ಲ. ಅಲ್ಲಿನ ಅಳತೆ ಬರೆದುಕೊಂಡು, ಕೊನೆಯ ಹಳ್ಳಕ್ಕೆ ನಡೆದೇ ಹೋದಳು. ಅಳತೆ ಸಿಕ್ಕಿತು, ಹೊತ್ತು ಮೀರಿತ್ತು.

"ಇನ್ನೊಂದು ಸಲ ಹೀಗಾದ್ರೆ ಮೇಜೇ ಗತಿ," ಎಂದರು ಮೇಲಧಿಕಾರಿ.

ಗಾಡಿಯನ್ನು ಟೆಂಪೋದಲ್ಲಿ ತಂದು ಗ್ಯಾರೇಜಿನ ಮುಂದೆ ಇಳಿಸಿದಳು. ಅವನು ಓಡಿ ಬಂದ. "ಏನಾಯ್ತು? ನಿಮಗೇನಾದ್ರೂ..."

"ನನಗೇನೂ ಆಗಿಲ್ಲ. ಸ್ಟ್ಯಾಂಡ್ ಹಾಕಿ ನೋಡಿ."

ಹಾಕಿದ. ಗಾಡಿ ಎಡಕ್ಕೆ ಒರಗುವ ಬದಲು ನೆಟ್ಟಗೆ ನಿಂತಿತು. ಒಂದು ಬೆರಳಿಂದ ಮುಟ್ಟಿದ, ಬಲಕ್ಕೆ ವಾಲಿತು. ಅವನ ಮುಖ ಬಿಳಿಚಿಕೊಂಡಿತು.

"ಗಾಡಿ ಇಳಿಸಿದ್ರೆ ಸ್ಟ್ಯಾಂಡೂ ಅಷ್ಟೇ ಗಿಡ್ಡ ಆಗಬೇಕಲ್ವಾ? ಇಷ್ಟು ವರ್ಷದ ಮೆಕ್ಯಾನಿಕ್ ನೀವು. ಹೇಗೆ ಮರೆತ್ರಿ?"

ಅವನು ಬಗ್ಗಿ ಸ್ಟ್ಯಾಂಡಿನ ತುದಿ ಮುಟ್ಟಿ ನೋಡಿದ.

"ಹೇಳಿ. ಹೇಗೆ ಮರೆತ್ರಿ?"

"ಆವತ್ತು... ನಾನು ಗಾಡಿ ಬಗ್ಗೆ ಯೋಚನೆ ಮಾಡ್ತಾನೇ ಇರಲಿಲ್ಲ."

ಅವಳು ಅವನ ಕಡೆ ತಿರುಗಿದಳು.

"ಮರಳಲ್ಲಿ ಬಿದ್ರಲ್ಲ, ಅಲ್ಲಿಂದ ಕಣ್ಣು ಮುಚ್ಚಿದ್ರೆ ಅದೇ. ಗುಡ್ಡದಲ್ಲಿ ನೀವೊಬ್ಬರೇ, ಕಾಲ ಮೇಲೆ ಗಾಡಿ... ಭಯ ಇದ್ದದ್ದು ನನಗೆ. ಬಿಚ್ಚಿದ್ದು ನಿಮ್ಮ ಗಾಡೀನ. ತಪ್ಪಾಯ್ತು."

"ನಾನು ಬೀಳ್ತೀನಿ," ಎಂದಳು ಅವಳು. "ಬಿದ್ರೆ ಏಳ್ತೀನಿ. ಅದನ್ನ ನಂಬೋರು ಒಬ್ಬರಾದ್ರೂ ಇದ್ದಾರೆ ಅಂದ್ಕೊಂಡಿದ್ದೆ."

"ಮೊದಲಿನ ಹಾಗೇ ಮಾಡಿಕೊಡ್ತೀನಿ."

"ಮಾಡಿ. ನಾನೂ ಸ್ಪ್ಯಾನರ್ ಹಿಡೀತೀನಿ."

ಇಬ್ಬರೂ ಸೇರಿ ಎಂಜಿನ್ನಿನ ನೀರು ತೆಗೆದರು, ಗಾಡಿಯನ್ನು ಎತ್ತರಿಸಿದರು. ಕೊನೆಯ ಬೋಲ್ಟ್ ಬಿಗಿಯುವಾಗ ಅವನು ತಲೆ ಎತ್ತದೆ ಕೇಳಿದ, "ಮುಂದಿನ ಅಳತೆಗೆ ನಾನೂ ಬರಲಾ? ನನ್ನ ಗಾಡೀಲಿ. ಹಿಂದೆ."

"ಬನ್ನಿ. ಆದ್ರೆ ನಾನು ಕರೆಯೋ ತನಕ ಹತ್ತಿರ ಬರಬಾರದು."

ಮುಂದಿನ ಅಳತೆಯ ದಿನ, ಕೊನೆಯ ಹಳ್ಳದಲ್ಲಿ ನೀರು ಏರಿತ್ತು. ದಾಟುವಾಗ ನಡುನೀರಲ್ಲಿ ಚಕ್ರದಡಿಯ ಒಂದು ಕಲ್ಲು ಉರುಳಿ, ಗಾಡಿ ಬಿತ್ತು, ಅವಳೂ ಬಿದ್ದಳು. ಬೀಳುತ್ತಲೇ ಎಂಜಿನ್ ಆಫ್ ಮಾಡಿದಳು. ಅವನು ಸ್ಟ್ಯಾಂಡ್ ಒದ್ದು ತನ್ನ ಬೈಕಿಂದ ಹಾರಿ ನೀರಂಚಿನವರೆಗೂ ಓಡಿ ಬಂದ... ಅಲ್ಲೇ ನಿಂತ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಅವಳು ಬೆನ್ನು ಕೊಟ್ಟಳು, ಕಾಲೂರಿದಳು, ಎತ್ತಿದಳು. ಸ್ಟಾರ್ಟ್ ಆಯಿತು! ಆಚೆ ದಡ ಸೇರಿ, ಸೊಂಟ ಎಡಕ್ಕೆ ಜಾರಿಸಿ, ಒಂದು ಕಾಲೂರಿ ನಿಂತು ತಿರುಗಿ ನೋಡಿದಳು.

"ಉಸಿರಾಡ್ತಿದ್ದೀರಾ?" ಕೂಗಿ ಕೇಳಿದಳು.

"ಈಗ ಶುರು ಮಾಡಿದೆ!"

ಹೊತ್ತಿಗೆ ಸರಿಯಾಗಿ ಅಳತೆ ಬರೆದುಕೊಂಡಳು. ಅವನು ಇನ್ನೂ ಆ ದಡದಲ್ಲೇ ಇದ್ದ.

"ಮೇಡಂ, ಈ ಸಲ ಮೊದಲೇ ಕೇಳ್ತಿದ್ದೀನಿ. ಜೀವನ ಪೂರ್ತಿ ಹೀಗೇ ನಿಮ್ಮ ಹಿಂದೆ ಬರಬಹುದಾ?"

ಅವಳು ಪುಸ್ತಕ ಮುಚ್ಚಿದಳು. ಪೆನ್ನಿಗೆ ಕ್ಯಾಪ್ ಹಾಕಲು ಸ್ವಲ್ಪ ಹೊತ್ತು ಹಿಡಿಯಿತು.

"ಹಿಂದೆ ಬೇಡ."

ಅವನ ಮುಖ ಸಪ್ಪಗಾಯಿತು.

"ಪಕ್ಕದಲ್ಲಿ ಬಾ."

"ಏನಂದ್ರಿ? ಬಾ ಅಂದ್ರಾ?"

"ಅಂದೆ. ಮೊದಲು ನಿನ್ನ ಗಾಡಿ ಸ್ಟ್ಯಾಂಡ್ ನೋಡಿಕೋ, ಮಾರಾಯ. ಸರಿಯಾಗಿ ನಿಂತಿದೆಯಾ?"

ಅವನು ಹಿಂದೆ ಹೋಗಿ, ಸೀಟನ್ನು ಒಂದು ಬೆರಳಿಂದ ಒತ್ತಿ ನೋಡಿದ. ಎಡಕ್ಕೆ ಒರಗಿದ ಗಾಡಿ ಕದಲಲಿಲ್ಲ.

"ನಿಂತಿದೆ ಕಣೇ!"

ಅವಳು ಮೊಣಕಾಲುದ್ದದ ನೀರಿಗಿಳಿದು ಕೈ ಚಾಚಿದಳು.

"ಹಾಗಾದ್ರೆ, ಈಗ ಕರೀತಿದ್ದೀನಿ."