ಹಿಂದಿನ ಸೀಟಿನ ಕಂಬಳಿ

"ಏನಮ್ಮ ಸೀರೆ ಮೇಡಂ, ಕಾರೊಳಗೆ ಕುರಿ ಸಾಕಿದೀಯಾ?"

ಲೋಹಿತ ಹಿಂದಿನ ಸೀಟಿನ ಪಕ್ಕದ ಜಾಲರಿ ಬಿಚ್ಚಿ, ಕರಿ ಉಣ್ಣೆಯ ಉಂಡೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ. ಅವನ ಹುಬ್ಬಿಗೆ ಗ್ರೀಸು ಮೆತ್ತಿತ್ತು. ಒರೆಸೋಣ ಅಂತ ನನ್ನ ಕೈ ವೇಲಿನ ತುದಿಗೆ ಹೋಗಿ, ನಾಚಿ ವಾಪಸ್ ಬಂತು.

"ಅಜ್ಜಿ ಕಂಬಳೀದು. ಸೀರೆಗೆ ಧೂಳು ಹತ್ತಬಾರ್ದು ಅಂತ ಸೀಟಿಗೆ ಹಾಸಿದ್ದೆ."

"ಸೀಟಿನಡಿ ಇರೋ ದೊಡ್ಡ ಬ್ಯಾಟರಿ ಉಸಿರಾಡೋದೇ ಈ ಕಿಂಡೀಲಿ, ವನಜಾ. ಅದರ ಮೂಗಿಗೇ ಕಂಬಳಿ ಹೊದಿಸಿದೀಯಾ. ಅದಕ್ಕೇ ಬ್ಯಾಟರಿ ಹೋಗೈತೆ."

ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಬೇರೆ ದಿನವಾದರೆ ಬಾನೆಟ್ ಸಂದಿಯಿಂದಲೂ ಇಣುಕಿ ನೋಡೋನು.

ಮೊಳಕಾಲ್ಮೂರಿನ ಮಗ್ಗದ ಮನೆಗಳಿಂದ ಸೀರೆ ತಂದು ಚಳ್ಳಕೆರೆಯ ಅಂಗಡಿಗೆ ಮುಟ್ಟಿಸೋದು ನನ್ನ ಕೆಲಸ. ಹೋದ ಬೇಸಿಗೆಯಲ್ಲಿ ಶಶಿರೇಖಕ್ಕನ ಮಗ್ಗದ ಮೇಲೆ ರೇಷ್ಮೆ ಎಳೆ ಪಟಪಟ ಕಡೀತಿತ್ತು. ನೆಲಕ್ಕೆ ಎಷ್ಟು ನೀರು ಚಿಮುಕಿಸಿದರೂ ಒಣಗಾಳಿ ಕುಡಿದು ಬಿಡ್ತಿತ್ತು. "ಇಂಥ ಬಿಸಿಲು ನಮ್ಮವ್ವನ ಕಾಲದಾಗೂ ಇರಲಿಲ್ಲಮ್ಮ," ಅಂತ ಅಕ್ಕ ಕಣ್ಣೊರೆಸಿಕೊಂಡಳು.

ನನ್ನ ಪಾತಮ್ಮಜ್ಜಿ ಹೇಳ್ತಿದ್ದ ಕಥೆ ನೆನಪಾಯ್ತು. ಹಿಂದೆ ಬೇಸಿಗೆಯಮ್ಮ ನೆಂಟರ ಹಂಗೆ ಬಂದು ಹೋಗೋಳಂತೆ. ನಾವು ಹೊಗೆ ಹಾಕಿ ಹಾಕಿ ಕರೆದ್ವಿ, ಈಗ ಗಂಟುಮೂಟೆ ತಂದು ಒಲೆ ಹೂಡಿದಾಳಂತೆ. ಬಾಗಿಲಾಚೆ ನನ್ನದೇ ಡೀಸೆಲ್ ಜೀಪು ಕರ‍್ರಗೆ ಹೊಗೆ ಉಗುಳ್ತಾ ನಿಂತಿತ್ತು.

ಜೀಪು ಮಾರಿ, ಲೋಹಿತ ಕೆಲಸ ಮಾಡುವ ಈ ಗ್ಯಾರೇಜಿಗೆ ಬಂದೆ. ಅವನು ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡೋ ಈ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ತೋರಿಸಿದ. "ಊರೊಳಗೆ ಕರೆಂಟಲ್ಲೇ ಓಡ್ತೈತೆ. ಹೊಗೆ ಕಮ್ಮಿ, ಸದ್ದಂತೂ ಇಲ್ಲ. ಬ್ಯಾಟರಿ ಕಲ್ಲು ಇದ್ದಂಗೈತೆ." ಗೊರಸಿನ ಸದ್ದೇ ಇಲ್ಲದ ಕುದುರೆಯ ಕಥೆ ಕೇಳಿ ಬೆಳೆದವಳು ನಾನು. ನಂಬಿದೆ. ಕಾರನ್ನೋ, ಅವನ ಕಣ್ಣನ್ನೋ, ಈಗ ಹೇಳಲಾರೆ.

ಕಾರು ಮಾತ್ರ ಸದಾ ಗುರ‍್ರ್ ಅನ್ನೋದು. ಜೀಪು ಡೀಸೆಲ್ ಕುಡಿದಷ್ಟೇ ಪೆಟ್ರೋಲು ಕುಡಿಯೋದು. ಬಂದು ಕೇಳಿದಾಗಲೆಲ್ಲ ಅವನು ಚಹಾ ಕೊಡಿಸಿ, "ಇನ್ನೂ ಪಳಗಬೇಕು, ಮುಂದಿನ ವಾರ ಬಾ," ಅನ್ನೋನು. ನಿಜ ಹೇಳಬೇಕೆಂದರೆ, ಕಾರು ಬೇಗ ಸರಿಹೋಗಲಿ ಅಂತ ನನಗೂ ಅನ್ನಿಸಿರಲಿಲ್ಲ.

"ಹಂಗಾದ್ರೆ ಎಲ್ಲಾ ನನ್ನಿಂದಾನೇ?" ವೇಲಿನ ತುದಿ ಕಣ್ಣಿಗೊತ್ತಿಕೊಂಡೆ.

ಗ್ಯಾರೇಜಿನ ಯಜಮಾನರು ತೋಟಪ್ಪ, ಎಲೆಅಡಿಕೆ ಉಗಿದು ಹತ್ತಿರ ಬಂದರು.

"ಲೇ, ಆ ಹುಡುಗೀನ ಯಾಕೋ ಅಳಿಸ್ತೀಯಾ? ಈ ಬ್ಯಾಟರಿ ಮಾರೋಕೆ ಮುಂಚೇನೇ ಸಾಯೋಕ್ ಬಿದ್ದಿತ್ತಲ್ಲೋ! ಹೇಳಿ ಮಾರು ಅಂದಿರಲಿಲ್ವಾ ನಾನು?"

ಲೋಹಿತನ ಕೈಯಿಂದ ಉಣ್ಣೆ ಜಾರಿತು. ತೋಟಪ್ಪ ಇಬ್ಬರನ್ನೂ ನೋಡಿ, ತಲೆ ಕೆರೆದುಕೊಂಡು ಒಳಗೆ ಹೋದರು.

"ಹೇಳಿದ್ರೆ ನೀನು ತಗೊಳ್ತಿರಲಿಲ್ಲ," ಅಂದ ಲೋಹಿತ, ನೆಲ ನೋಡ್ತಾ. "ತಗೊಳ್ದಿದ್ರೆ ಇಲ್ಲಿಗೆ ಬರ್ತಿರಲಿಲ್ಲ. ನೀನಂದ್ರೆ ನಂಗಿಷ್ಟ ವನಜಾ. ಹೊಸ ಬ್ಯಾಟರಿ ನಾನೇ ಹಾಕಿಸ್ತೀನಿ."

ಒಂದು ವರ್ಷದಿಂದ ಈ ಮಾತನ್ನು ಮನಸ್ಸಲ್ಲೇ ನೂರು ಥರ ಆಡಿಸಿ ಕೇಳಿಸಿಕೊಂಡಿದ್ದೆ. ಕಾವಲಿನ ಬಯಲಲ್ಲಿ ಹುಲ್ಲು ತೂಗುವಾಗ, ಹೊಂಗೆ ಹೂ ಉದುರುವಾಗ. ಒಂದು ಸಲವೂ ಅದರ ಹಿಂದೆ ಬ್ಯಾಟರಿ ಬಂದಿರಲಿಲ್ಲ.

"ಮತ್ತೆ ಈಗ ತಪ್ಪು ಕಂಬಳಿ ಮೇಲೆ ಯಾಕೆ ಹಾಕಿದೆ?"

"ಭಯ ಆಯ್ತು."

"ಶಶಿರೇಖಕ್ಕನ ಬಾಗಿಲಲ್ಲಿ ನಿಂತು, 'ನಿಮ್ಮ ಎಳೆ ಕಡೀಬಾರ್ದು ಅಂತ ಹೊಗೆ ಕಮ್ಮಿ ಗಾಡಿ ತಗೊಂಡೆ ಅಕ್ಕ' ಅಂದಿದ್ದೆ. ಪಾಪ, ಅವಳು ಕಾರಿಗೆ ಕುಂಕುಮ ಇಟ್ಟಳು. ನಿನ್ನ ಸುಳ್ಳನ್ನ ನಾನು ಮನೆಮನೆಗೂ ಹಂಚಿದೀನಿ, ಲೋಹಿತ."

ಅವನ ಕಣ್ಣು ತುಂಬಿತು. ಆ ಕಣ್ಣು ನನಗೆ ಈಗಲೂ ಚಂದವೇ ಕಂಡಿತು. ಅದೇ ಹೆಚ್ಚು ನೋಯಿಸಿತು.

ಕೀ ಮೇಜಿನ ಮೇಲಿಟ್ಟು, ಸೀರೆಯ ಗಂಟು ಹೊತ್ತು ಹೊರಟೆ. ಬಸ್ ಸ್ಟ್ಯಾಂಡಿನವರೆಗೂ ಹಿಂದೆಯೇ ಬಂದ. ಚಳ್ಳಕೆರೆ ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ಕೇಳಿದ:

"ಮತ್ತೆ ಬರ್ತೀಯಾ?"

"ಕಾರಿಗೆ ಬರ್ತೀನಿ," ಅಂದೆ.

ನಿನಗೆ ಅನ್ನೋದು ನಾಲಿಗೆ ತುದಿವರೆಗೂ ಬಂದಿತ್ತು. ನುಂಗಿಕೊಂಡೆ.