ಹದಿನಾರು ಅಡಿ

ಲಾರಿ ಆಫೀಸಿನಲ್ಲಿ ಎಲ್ಲರೂ ಅವನನ್ನು ನಕ್ಷೆಯಣ್ಣ ಎಂದೇ ಕರೆಯುತ್ತಿದ್ದರು. ಯಾವ ಲಾರಿ ಯಾವ ದಾರಿ ಹಿಡಿಯಬೇಕೆಂದು ಇಪ್ಪತ್ತಾರು ವರ್ಷ ಅವನೇ ಹೇಳಿದ್ದ. ಯಾವ ತಿರುವಿನಲ್ಲಿ ಗೇರ್ ಇಳಿಸಬೇಕೆಂಬುದೂ ಅವನ ನಾಲಿಗೆಯ ತುದಿಯಲ್ಲಿತ್ತು. ಈಗ ಯಜಮಾನರ ಅಳಿಯ ಒಂದು ಕಂಪ್ಯೂಟರ್ ತಂದು ಕೂರಿಸಿದ್ದ. ಲಾರಿಯ ಎತ್ತರ, ತೂಕ ಹಾಕಿದರೆ ಅದು ಮೂರು ದಾರಿ ತೋರಿಸಿ, ಒಂದಕ್ಕೆ ತಾನೇ ಹಸಿರು ಗೆರೆ ಎಳೆಯುತ್ತಿತ್ತು. ಆ ಹಾಳೆಯನ್ನು ಡ್ರೈವರ್ ಕೈಗೆ ಕೊಡುವುದಷ್ಟೇ ನಕ್ಷೆಯಣ್ಣನಿಗೆ ಉಳಿದ ಕೆಲಸ. “ನಿಮಗೂ ತಲೆನೋವು ತಪ್ತಲ್ಲ,” ಎಂದಿದ್ದ ಅಳಿಯ. ತಿಂಗಳ ಕೊನೆಗೆ ಕುರ್ಚಿಯೂ ತಪ್ಪಲಿದೆ ಎಂಬುದು ನಕ್ಷೆಯಣ್ಣನಿಗೆ ತಿಳಿದದ್ದು ಯಜಮಾನರ ಬಾಯಿಂದಲ್ಲ, ಜವಾನನ ಬಾಯಿಂದ.

ಆ ಕಂಪ್ಯೂಟರ್ ಒಂದೇ ಒಂದು ಸಲ ಎಲ್ಲರ ಕಣ್ಣೆದುರು ಮುಗ್ಗರಿಸಿದರೆ ಸಾಕಿತ್ತು.

ಕಾರ್ಖಾನೆಗೆ ಹೆದ್ದಾರಿಯಲ್ಲಿ ಹೋದರೆ ಸುತ್ತು. ಘಟ್ಟದ ದಾರಿ ಕಡಿದು. ಹಳೇ ಪೇಟೆಯ ದಾರಿ ಎಲ್ಲಕ್ಕಿಂತ ಹತ್ತಿರ, ಆದರೆ ನಡುವೆ ರೈಲ್ವೆ ಸೇತುವೆ. ಅದರಡಿ ಹದಿಮೂರು ಅಡಿ ಮಾತ್ರ ಜಾಗ. ಕಂಟೇನರ್ ಲಾರಿಯ ಎತ್ತರ ಹದಿನಾಲ್ಕೂವರೆ. ಕಂಪನಿಯ ಲಾರಿಗಳು ಆ ಕಡೆ ತಲೆ ಹಾಕಿ ವರ್ಷಗಳಾಗಿದ್ದವು. ಕಂಪ್ಯೂಟರ್ ಕೂಡ ಅದಕ್ಕೆ ಕೆಂಪು ಗೆರೆ ಎಳೆದಿತ್ತು. ಸೋಮವಾರ ಅಳಿಯ ಊಟಕ್ಕೆ ಎದ್ದಾಗ ನಕ್ಷೆಯಣ್ಣ ಅವನ ಹೆಸರಿನಲ್ಲೇ ಕಂಪ್ಯೂಟರಿನ ಒಳಹೊಕ್ಕು ಹದಿಮೂರನ್ನು ಹದಿನಾರು ಮಾಡಿದ. ಒಂದೇ ಅಂಕಿ. ಯಾರು ನೋಡಿದರೂ ಅಳಿಯನ ಬೆರಳು ಜಾರಿದೆ ಎನ್ನಬೇಕು. ಕೆಂಪು ಗೆರೆ ಹಸಿರಾಯಿತು.

ಹಳೇ ಡ್ರೈವರುಗಳಿಗೆ ಆ ಸೇತುವೆ ಗೊತ್ತು. ಹಾಗಾಗಿ ಗುರುವಾರದ ಲೋಡಿಗೆ, ಎರಡು ತಿಂಗಳ ಹಿಂದಷ್ಟೇ ಸೇರಿದ್ದ ಗಡ್ಡದವನನ್ನು ಹಾಕಿದ. ಹಾರುವುದು ಕಂಟೇನರಿನ ತಲೆ, ಡ್ರೈವರನದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಲಾರಿ ಗಕ್ಕನೆ ನಿಂತರೆ ಹಿಂದಿನ ಸರಕು ಎಲ್ಲಿಗೆ ನುಗ್ಗುತ್ತದೆ ಎಂಬುದನ್ನು ಯೋಚಿಸಲು ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಗಡ್ಡದವನು ಹಾಳೆ ಹಿಡಿದು ನಿಂತ. “ಈ ದಾರೀಲಿ ನಾನು ಹೋಗೇ ಇಲ್ಲ. ಹೋಗ್ಬಹುದಾ ಅಣ್ಣಾ?”

“ಕಂಪ್ಯೂಟರ್ ಹೇಳಿದ್ಮೇಲೆ ನಂದೇನಪ್ಪ.”

“ಕಂಪ್ಯೂಟರ್ ಬಿಡಿ. ನೀವು ಹೇಳಿ.”

ನಕ್ಷೆಯಣ್ಣ ಹಾಳೆಯ ಮಡಿಸಿದ ಮೂಲೆಯನ್ನು ನೆಟ್ಟಗೆ ಮಾಡಿದ. “ಹೋಗು,” ಎಂದ.

ಹತ್ತೂವರೆಯ ಹೊತ್ತಿಗೆ ಫೋನ್ ಬರಬೇಕಿತ್ತು. ಬರಲಿಲ್ಲ. ಮೂರು ಗಂಟೆಗೆ ಗಡ್ಡದವನೇ ಬಂದ, ಎರಡು ತಾಸು ಮೊದಲೇ. ಲಾರಿಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಸೇತುವೆಯ ಕೆಳಗೆ ರಸ್ತೆ ಅಗೆದು ತಗ್ಗಿಸಿದ್ದಾರೆ, ಈಗ ಸರಿಯಾಗಿ ಹದಿನಾರು ಅಡಿ ಎಂದ.

ಯಜಮಾನರು ಕಂಪ್ಯೂಟರಿನಲ್ಲಿ ಅದೇ ಅಂಕಿ ಕಂಡು ಹಿಗ್ಗಿಹೋದರು. “ಭಲೇ ಅಳಿಯಂದ್ರೇ, ಆಗ್ಲೇ ತಿದ್ದಿಟ್ಟಿದ್ದೀರಲ್ಲ!”

“ನಾನಲ್ಲ ಮಾವ,” ಎಂದ ಅಳಿಯ, ತಬ್ಬಿಬ್ಬಾಗಿ. “ನಂಗೆ ಗೊತ್ತೇ ಇರ್ಲಿಲ್ಲ.”

ಹೋಗುತ್ತಿದ್ದ ಕುರ್ಚಿ ತಾನಾಗಿ ನಕ್ಷೆಯಣ್ಣನ ಕಾಲಬುಡಕ್ಕೆ ಬಂದಿತ್ತು.

“ನಾನೇ ಸಾರ್, ಸೋಮವಾರ ತಿದ್ದಿದೆ,” ಎಂದ. “ಭಾನುವಾರ ರಜಾ ಇತ್ತಲ್ಲ, ಖುದ್ದು ಹೋಗಿ ಸೇತುವೆ ಕೆಳಗೆ ನಿಂತು ಬೋರ್ಡ್ ನೋಡ್ಕೊಂಡು ಬಂದೆ. ಕಂಪ್ಯೂಟರ್ ಎಲ್ಲಿ ಹೋಗಿ ನೋಡುತ್ತೆ ಹೇಳಿ?”

ಅಳಿಯ ತಲೆ ತಗ್ಗಿಸಿದ. ಯಜಮಾನರು ಎದ್ದು ಬಂದು ನಕ್ಷೆಯಣ್ಣನ ಹೆಗಲ ಮೇಲೆ ಕೈಯಿಟ್ಟರು.

ಗಡ್ಡದವನ ಮುಖದಲ್ಲಿ ಮಾತ್ರ ನಗು ಇರಲಿಲ್ಲ. “ಯಾವ ಬೋರ್ಡ್ ಅಣ್ಣಾ?” ಎಂದ ನಿಧಾನವಾಗಿ. “ಆ ರಸ್ತೆ ಬಿಟ್ಟಿದ್ದೇ ಇವತ್ತು ಬೆಳಿಗ್ಗೆ, ಮೊದಲನೇ ಲಾರಿ ನಂದೇ. ಹದಿಮೂರು ಅಡಿ ಅನ್ನೋ ಹಳೇ ಬೋರ್ಡ್ ಕಿತ್ತು ಹೊಸದು ಹೊಡೆಯೋವರೆಗೂ ನನ್ನ ಅಲ್ಲೇ ನಿಲ್ಲಿಸಿದ್ರು.”